ಮೂರು ಗಿಡ್ಡ, ಒಂದು ಉದ್ದ

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜಾರಿದ್ದರು. ಅವರಿಗೆ ಅಡಿವೆಪ್ಪ ಎಂಬ ಶಿಷ್ಯನಿದ್ದ.

ಸುತ್ತ ಏಳು ಹಳ್ಳಿಯಲ್ಲಿ ಅಡಿವೆಪ್ಪನಂತೆ ಸಿಳ್ಳು ಹೊಡೆಯುವವನು ಇನ್ನೊಬ್ಬನಿರಲಿಲ್ಲ. ಹೀಗಂತ ಅವನೇ ಹೇಳುತ್ತಿದ್ದ. ಸುಳ್ಳೇನೂ ಆಗಿರಲಿಲ್ಲ.

ಎರಡು ಬೆರಳು ಬಾಯಿಗಿಟ್ಟು ಮೂರು ಗಿಡ್ಡ, ಒಂದು ಉದ್ದ. ಅಷ್ಟು ಸಾಕು. ಎಲ್ಲೇ ಮೇಯುತ್ತಿರಲಿ, ಅವನ ಚಿಗರಿ ಚಂಗನೆ ನೆಗೆದು ಬಂದು ಅಂಗೈ ನೆಕ್ಕುತ್ತಿತ್ತು.

ನಾಯಿಗಳು ತಾಯಿಯನ್ನು ಹರಿದುಹಾಕಿದ ದಿನ ಜೋಳದ ಹೊಲದಲ್ಲಿ ಸಿಕ್ಕ ಜಿಂಕೆಮರಿ ಅದು. ಆಡಿನ ಹಾಲು ಕುಡಿಸಿ ಅವನೇ ಸಾಕಿದ್ದ. ಈಗ ವರ್ಷ ತುಂಬಿತ್ತು.

"ಇನ್ನ ಅದನ್ನ ಹಿಂಡಿಗೆ ಬಿಡಬೇಕಪಾ," ಅಂದರು ಅಜ್ಜಾರು.

"ಯಾಕ್ರಿ ಅಜ್ಜಾರ? ಹೊರಗ ತೋಳ ಅದಾವು, ಬಲೆ ಒಡ್ಡವ್ರು ಅದಾರ. ಇಲ್ಲಿ ಹತ್ತಿಕಾಳು ತಿಂದು ಹೆಂಗ ಮಿಂಚತೈತಿ ನೋಡ್ರಿ! ಅಲ್ಲಿ ಎಂಟು ದಿನ ಬಾಳೂದಿಲ್ಲ."

"ಹೌದು. ಹಿಂಗ ಇದ್ರ ಬಾಳೂದಿಲ್ಲ."

ಆ ಮಂಗಳವಾರ ಅಡಿವೆಪ್ಪ ಸಂತೆಗೆ ಹೋದ. ಮಂದಿ ಸೇರಿಸಿ ಚಿಗರಿಯ ಕಥೆ ಹೇಳಿದ. ಸಿಳ್ಳು ಹೊಡೆದು ತೋರಿಸಿದ.

ಹಸಿರು ರುಮಾಲಿನವನೊಬ್ಬ ಮುಂದೆ ಬಂದು ಕೂತ. ಅವನ ಕಾಲ ಬಳಿ ಎರಡು ಬಡಕಲು ಬೇಟೆನಾಯಿಗಳಿದ್ದವು.

"ಭಾರಿ ಐತಿ ತಮ್ಮಾ. ಇನ್ನೊಮ್ಮಿ ಹೊಡಿ," ಅಂದ.

ಅಡಿವೆಪ್ಪ ಉಬ್ಬಿಹೋದ. ಒಮ್ಮೆಯಲ್ಲ, ಮೂರು ಸಲ ಹೊಡೆದ.

ಮಾರನೆಯ ದಿನದಿಂದ ಚಿಗರಿ ಮೊದಲಿನ ಚಿಗರಿಯಾಗಿ ಉಳಿಯಲಿಲ್ಲ. ಸಿಳ್ಳಿಗೆ ಬರುತ್ತಿತ್ತು, ಬಂದು ಹತ್ತು ಮಾರು ದೂರ ನಿಲ್ಲುತ್ತಿತ್ತು. ಮೂಸಿ ನೋಡಿ, ಇವನೇ ಅಂತ ಖಾತ್ರಿಯಾದ ಮೇಲೆ ಹತ್ತಿರ ಸುಳಿಯುತ್ತಿತ್ತು. ಪಕ್ಕೆಗೆ ಎರೆಮಣ್ಣು ಮೆತ್ತಿರುತ್ತಿತ್ತು.

ಯಾರೋ ಕೈ ಮಾಡುತ್ತಿದ್ದಾರೆ. ಕುರಿ ಕಾಯುವವನೋ? ಹಾಲು ಹಾಕುವವಳೋ? ಅಡಿಗೆಯ ಗಂಗಯ್ಯನೋ? ಅಡಿವೆಪ್ಪ ಎಲ್ಲರ ಕೈಯನ್ನೂ ನೋಡತೊಡಗಿದ, ಮಣ್ಣು ಅಂಟಿದೆಯೇನೋ ಅಂತ.

"ಅಜ್ಜಾರ, ನಿಮಗ ಯಾರ ಮ್ಯಾಲೆ ಸಂಶೇ ಐತ್ರಿ?"

"ನಿನ್ನ ಮ್ಯಾಲೆ," ಅಂದರು ಅಜ್ಜಾರು.

ಒಂದು ಮಧ್ಯಾಹ್ನ ಬದುವಿನ ಆಚೆಯಿಂದ ಅವನದೇ ಸಿಳ್ಳು ಕೇಳಿತು. ಮೂರು ಗಿಡ್ಡ, ಒಂದು ಉದ್ದ. ಹಲ್ಲಿಲ್ಲದ ಬಾಯಿಯಿಂದ ಬಂದಂತೆ ನಡುನಡುವೆ ಗಾಳಿ ಸೋರುತ್ತಿತ್ತು.

ಅಡಿವೆಪ್ಪ ಜಾಲಿಯ ಮರೆಯಲ್ಲಿ ಕೂತು ನೋಡಿದ.

ಅಜ್ಜಾರು!

ಚಿಗರಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಂತು. ಅಜ್ಜಾರು ಹೊಲದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅದರ ಪಕ್ಕೆಗೆ ಬೀಸಿದರು. ಹೆಂಟೆ ಪುಡಿಯಾಯಿತು. ಚಿಗರಿ ಓಡಿತು.

"ನನ್ನ ಸಿಳ್ಳು ಕದ್ದು ಮೂಕಪ್ರಾಣಿಗೆ ಹೊಡೀತೀರಿ?" ಅಡಿವೆಪ್ಪ ಎದ್ದು ಬಂದ. "ಮಠಾ ಅಂತ ಬಂದೆ. ಕಟುಕರ ಮನಿ ಆತಿದು!"

"ನಾ ಒಬ್ಬನ ಕದ್ದೇನನು? ಸಂತ್ಯಾಗ ಎಷ್ಟು ಮಂದಿ ಕೇಳಿದ್ರು?"

ಅಡಿವೆಪ್ಪನ ಕಣ್ಣೆದುರು ಹಸಿರು ರುಮಾಲು ಬಂತು. ಎರಡು ನಾಯಿಗಳೂ ಬಂದವು.

ಅಜ್ಜಾರು ಇನ್ನೊಂದು ಹೆಂಟೆ ಎತ್ತಿ ಅವನ ಕೈಯಲ್ಲಿಟ್ಟರು.

"ನನಗ ಅದು ಅಂಜೈತಿ. ನಿನಗಿನ್ನೂ ಅಂಜಿಲ್ಲ. ಈ ಸಿಳ್ಳು ಯಾರ ಹೊಡೀಲಿ, ಅದಕ್ಕ ಇನ್ನೂ ನೀನ."

"ನನ್ನ ಕೈಲೆ ಆಗೂದಿಲ್ರಿ ಅಜ್ಜಾರ."

"ಹಂಗಾರ ಹೋಗಿ ಹಗ್ಗ ತಾ. ಸಾಯೂತನಕ ಕಟ್ಟಿ ಹಾಕೂಣು."

ಅಡಿವೆಪ್ಪ ಹಗ್ಗ ತರಲು ಹೋಗಲಿಲ್ಲ. ಎಡಗೈ ಬೆರಳು ಬಾಯಿಗಿಟ್ಟ.

ಚಿಗರಿ ಬಂತು. ಮೂಸಿತು. ಇವನೇ ಅಂತ ಖಾತ್ರಿಯಾಗಿ ಕತ್ತು ಚಾಚಿತು.

ಅವನು ಹೊಡೆದ.

ಅದು ಒಂದು ಗಳಿಗೆ ಅವನನ್ನು ನೋಡಿತು. ಬದು ಹಾರಿತು. ಮತ್ತೆ ಮಠಕ್ಕೆ ಬರಲಿಲ್ಲ.

ತಿಂಗಳಾಯಿತು. ಹಿಂಡು ಹೊಳೆಗೆ ಇಳಿಯುವ ಹೊತ್ತು. ಗುರುಶಿಷ್ಯರು ದಿಬ್ಬದ ಮೇಲಿದ್ದರು. ಕೆಳಗೆ ಪೊದೆಯಲ್ಲಿ ಹಸಿರು ರುಮಾಲು ಅಲುಗಿತು. ಅಡಿವೆಪ್ಪ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಸಿಳ್ಳು ಎದ್ದಿತು.

ಮೂರು ಗಿಡ್ಡ, ಒಂದು ಉದ್ದ. ತಪ್ಪಿಲ್ಲದೆ ಕಲಿತಿದ್ದ.

ಹಿಂಡೆಲ್ಲ ಸುಮ್ಮನೆ ಮೇಯುತ್ತಿತ್ತು. ಒಂದೇ ಒಂದು ಚಿಗರಿ ತಲೆ ಎತ್ತಿತು. ಮುಂಗಾಲು ಮೇಲಕ್ಕೆತ್ತಿ ಹಾಗೇ ನಿಂತಿತು.

ಅದು ಸರ್ರನೆ ತಿರುಗಿ ಜಿಗಿಯಿತು. ಹಿಂಡು ಅದರ ಹಿಂದೆ ಎದ್ದೋಡಿತು. ನಾಯಿಗಳು ಪೊದೆಯಿಂದ ಹೊರಬೀಳುವಾಗ ಬಯಲಲ್ಲಿ ಧೂಳಷ್ಟೇ ಇತ್ತು.

ರುಮಾಲಿನವನು ಬೈದುಕೊಳ್ಳುತ್ತ ಹೋದ. ಹಿಂಡು ಹೊಳೆಯಾಚೆ ಮತ್ತೆ ಮೇಯತೊಡಗಿತು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಬೆರಳು ಬಾಯಿಗೆ ಹೋಯಿತು. ಮೆಲ್ಲಗೆ, ಒಂದೇ ಸಲ.

ಚಿಗರಿ ಇವನ ಕಡೆ ನೋಡಿತು. ಮೊದಲಿಗಿಂತ ಜೋರಾಗಿ ಓಡಿತು.

"ಅಜ್ಜಾರ," ಅಂದ ಅಡಿವೆಪ್ಪ. "ನನ್ನ ಮರತ ಬಿಡ್ತ್ರಿ."

ಅಜ್ಜಾರು ನೆಲಕ್ಕೂರಿದ್ದ ಕೈಯ ಮಣ್ಣು ಕೊಡವಿದರು.

"ನಿನ್ನ ಪೆಟ್ಟು ಮರತಿದ್ರ ಬರ್ತಿತ್ತು, ಅಡಿವೆಪ್ಪಾ."