ಏಡಿಯ ಹಳೆಯ ಮನೆ

ಖಾಲಿ ಶಂಖಗಳನ್ನೇ ಮನೆ ಮಾಡಿಕೊಂಡು ಬಾಳುವ ಏಡಿಗಳು ಸಂಜೆಯಾದರೆ ಕಡಲತೀರದಲ್ಲಿ ಸೇರಿ, ಹೊಸದಾಗಿ ಸಿಕ್ಕಿದ್ದನ್ನು ಒಂದಕ್ಕೊಂದು ತೋರಿಸುತ್ತಿದ್ದವು. ಒಂದು ದಿನ ಹಿರಿಯ ಏಡಿಗೆ ಹೊಳೆಯುವ ದೊಡ್ಡ ಶಂಖ ಸಿಕ್ಕಿತು. ಹಳೆಯದನ್ನು ಬೇರೆ ಯಾರೂ ಹೊಗದಂತೆ ಮರಳಲ್ಲಿ ಹೂತು, ಹೊಸದನ್ನು ಹೊತ್ತು ಬಂದಳು.

“ಎಂಥ ಬಣ್ಣ! ಎಷ್ಟು ವಿಶಾಲ!” ಎಂದು ಎಲ್ಲರೂ ಹೊಗಳಿದರು.

ತನಗೆ ಸಣ್ಣದಾದ ಶಂಖದಿಂದ ಅರ್ಧ ಮೈ ಹೊರಗಿದ್ದ ಕಿರಿಯ ಏಡಿ ಮಾತ್ರ, “ಚೆನ್ನಾಗಿದೆ ಅಕ್ಕಾ. ಹಳೆಯ ಮನೆ ಏನು ಮಾಡಿದಿರಿ?” ಎಂದು ಕೇಳಿದಳು.

ಹಿರಿಯಳು ತಲೆಯೆತ್ತಿ ನೋಡಿದಳು. ಮೇಲೆ ಹದ್ದು ಸುತ್ತುತ್ತಿತ್ತು. ಅವಳು ಕಿರಿಯಳನ್ನು ಕರೆದುಕೊಂಡು ಸರಸರನೆ ಹಿಂದಿರುಗಿ, ಮರಳು ಕೆದರಿ ಹಳೆಯ ಶಂಖ ಹೊರತೆಗೆದಳು.

“ಬೇಗ ಒಳಗೆ ಹೋಗು, ತಂಗೀ.”

ಕಿರಿಯಳು ಒಳಸೇರಿದಳು. ಅವಳು ಬಿಟ್ಟ ಶಂಖಕ್ಕೆ ಇನ್ನೊಂದು ಪುಟ್ಟ ಏಡಿ ನುಸುಳಿತು. ಅಂದು ಒಂದೇ ಸಂಜೆ ತೀರದಲ್ಲಿ ಮೂರು ಗೃಹಪ್ರವೇಶಗಳಾದವು.