ಹಗ್ಗಮೀನು ಗಾಳಿ ಕುಡಿಯಲು ಕಲಿತದ್ದು

ಲೋಕ ಇನ್ನೂ ಹೊಸತಾಗಿತ್ತು. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ನದಿಗಳಿಗೆ ತಮ್ಮ ದಾರಿ ಯಾವುದೆಂದು ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ. ಆಗ ಹಗ್ಗಮೀನು ಹಗ್ಗದ ಹಾಗೆ ಇರಲೇ ಇಲ್ಲ. ನಿಂಬೆಹಣ್ಣಿನ ಹಾಗೆ ಗುಂಡಗೆ ಇತ್ತು.

ಒಮ್ಮೆ ನದಿ ದಾರಿ ಬದಲಿಸಿತು. ಹಿಂದೆ ಉಳಿದ ಹೊಂಡದಲ್ಲಿ ಈ ಮೀನೊಂದೇ ಸಿಕ್ಕಿಕೊಂಡಿತು. ಮಡಕೆ ಮಾಡುವ ಸಣ್ಣೀರಮ್ಮ ಮಣ್ಣು ತರಲು ಹೋದವಳು ಅದನ್ನು ಕಂಡಳು. ಸೆರಗಿನಲ್ಲಿ ಎತ್ತಿ ತಂದು, ತಾನೇ ಸುಟ್ಟ ದೊಡ್ಡ ಬಾನಿಗೆ ನೀರು ತುಂಬಿ ಬಿಟ್ಟಳು. ಕೊಕ್ಕರೆ ಕಚ್ಚಿಕೊಂಡು ಹೋದೀತೆಂದು ಮುಚ್ಚಳ ಇಟ್ಟಳು.

ಆ ಕಾಲಕ್ಕೆ ಜನ ಕಡಿಮೆ. ಪಕ್ಕದ ಮನೆಗೆ ಎರಡು ದಿನದ ನಡಿಗೆ. ಹಾಗಾಗಿ ಸಣ್ಣೀರಮ್ಮ ಮಣ್ಣು ತುಳಿಯುತ್ತಾ ಮೀನಿನ ಜೊತೆಯೇ ಮಾತಾಡುತ್ತಿದ್ದಳು. ಮೀನು ತಾನು ಕಂಡ ನದಿಯ ಸುದ್ದಿ ಹೇಳುತ್ತಿತ್ತು. ಎರೆಹುಳು ತಂದು ಹಾಕಿದರೆ ಮೂಸಿ ಮೂಸಿ ತಿನ್ನುತ್ತಿತ್ತು. ಅವಳಿಗೆ ಮನೆ ತುಂಬಿದ ಹಾಗಾಯಿತು.

ಬೇಸಿಗೆ ಬಂತು. ಹೊಂಡ ಬತ್ತಿತು. ಬಾನಿಯ ನೀರು ಹಳೆಯದಾಯಿತು, ಬೆಚ್ಚಗಾಯಿತು. ಮೀನು ತಳದಲ್ಲಿ ಮಲಗಿ, ಈ ನೀರಿನಲ್ಲಿ ಉಸಿರು ಮುಗಿಯುತ್ತಾ ಬಂದಿದೆ ಎಂದಿತು. ಸಣ್ಣೀರಮ್ಮ ಮುಚ್ಚಳ ತೆಗೆದಿಟ್ಟು, ಅಂಗಳಕ್ಕೆ ಹೋಗಿ ಗಾಳಿಯನ್ನು ಕರೆದಳು.

ಗಾಳಿ ಬಂದು ಜಗಲಿಯ ಮೇಲೆ ಕೂತಿತು. ನೀರೊಳಗೆ ಇಳಿಯುವುದು ತನ್ನಿಂದ ಆಗದು ಎಂದಿತು. ಆಮೇಲೆ ಬಾನಿಯೊಳಗೆ ಬಗ್ಗಿ ನೋಡಿ ಮೆಲ್ಲಗೆ ಹೇಳಿತು: "ನೀರಿನ ಅಂಚಿನವರೆಗೆ ನಾನು ಬರ್ತೀನಿ. ಅಲ್ಲಿವರೆಗೆ ನೀನು ಬಾ ಮಗು."

ಮೀನು ಮೇಲೆ ಬಂತು. ಬಾಯಿ ತೆರೆಯಿತು. ಗಾಳಿ ಒಂದು ಗುಟುಕು ಊದಿತು. ಗುಂಡು ಮೈಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಉಸಿರು ಬಾಲದ ಕಡೆಗೆ ಸರಿಯಿತು, ಮೈ ಉದ್ದವಾಯಿತು. ಇನ್ನೊಂದು ಗುಟುಕು, ಇನ್ನಷ್ಟು ಉದ್ದ. ಮೂರನೆಯ ಗುಟುಕಿಗೆ ಮೀನು ಹಗ್ಗದ ಹಾಗೆ ಬಾನಿಯ ಒಳಗೆ ಸುರುಳಿ ಸುತ್ತಿಕೊಂಡಿತ್ತು.

ಸಣ್ಣೀರಮ್ಮ ನೀರಿನ ಮೇಲೆ ಗಾಳಿಗೆ ಜಾಗ ಬಿಟ್ಟು ಮತ್ತೆ ಮುಚ್ಚಳ ಇಟ್ಟಳು. ಬೇಸಿಗೆ ಹಾಗೇ ಕಳೆಯಿತು. ಒಂದು ಸಂಜೆ ಮಳೆ ಬಂತು. ಹುಲ್ಲೆಲ್ಲ ನೆನೆಯಿತು. ನದಿ ಮತ್ತೆ ದಾರಿ ಬದಲಿಸಿ, ಹೊಲದಾಚೆಯೇ ಸದ್ದು ಮಾಡುತ್ತಿತ್ತು. ಮೀನು ಮುಚ್ಚಳದ ಅಂಚನ್ನು ಮೂತಿಯಿಂದ ಮುಟ್ಟುತ್ತಾ ಸುತ್ತು ಹಾಕಿತು.

"ಅವ್ವಾ, ಇದನ್ನ ಒಂಚೂರು ಸರಿಸ್ತೀಯಾ?"

ಸಣ್ಣೀರಮ್ಮ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಇದು ಹೋದರೆ ನಾಳೆ ಯಾರ ಜೊತೆ ಮಾತು? ಕೊನೆಗೆ, "ದಾರೀಲಿ ನಿಧಾನ, ಕಂದಾ," ಎಂದು ಎರಡು ಬೆರಳಷ್ಟು ಸರಿಸಿದಳು.

ಮೀನು ನುಣುಚಿ ಕೆಳಗಿಳಿದು ಒದ್ದೆ ಹುಲ್ಲಿನಲ್ಲಿ ತೆವಳಿತು. ಉದ್ದಕ್ಕೂ ಗಾಳಿ ಜೊತೆಗಿತ್ತು. ಸಣ್ಣೀರಮ್ಮ ಹಿಂದೆ ಹಿಂದೆಯೇ ನಡೆದಳು. ನೀರಿಗಿಳಿದ ಮೀನು ಒಮ್ಮೆ ಅವಳ ಪಾದ ಮುಟ್ಟಿ ಹೋಯಿತು. ಆ ವಾರವೇ ಅವಳು ಮಡಕೆ ತಿರುಗಿಸುವ ತಿಗರಿಯನ್ನು ನದಿಯ ದಡಕ್ಕೆ ತಂದು ಹಾಕಿಕೊಂಡಳು.

ಅದಕ್ಕೇ ಪುಟ್ಟಾ, ಇವತ್ತಿಗೂ ನಮ್ಮ ಮನೆಯ ಗಾಜಿನ ತೊಟ್ಟಿಯ ಹಗ್ಗಮೀನು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯುತ್ತದೆ. ಕುಡಿದಾದ ಮೇಲೆ, ಎಲ್ಲಾದರೂ ಸಂದಿ ಇದೆಯಾ ಎಂದು ಮುಚ್ಚಳದ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತದೆ.