ತೆಂಗಿನಕಾಯಿ ತಟ್ಟಿದ ಗಿರಾಕಿ

ರಾಜಠೀವಿಯ ಹಳೆಯ ಕಾರೊಂದು ಮಾರಾಟಕ್ಕೆ ನಿಂತಿತ್ತು. ಹೊರಮೈ ತಗಡು, ಒಳಗಿನ ಚೌಕಟ್ಟೆಲ್ಲ ಮರ. ಆ ಮರದಲ್ಲಿ ಸಂಸಾರ ಹೂಡಿದ್ದ ಗೆದ್ದಲು ಕೇಳಿತು: "ಮಹಾಸ್ವಾಮಿ, ಇವತ್ತು ಗಿರಾಕಿ ಬರುತ್ತಾನಂತೆ. ಬಾಗಿಲು ತಟ್ಟಿ ನೋಡಿದರೆ ನಮ್ಮ ಗುಟ್ಟು ರಟ್ಟಾಗುತ್ತದೆ. ಜಾಗ ಖಾಲಿ ಮಾಡಲೇ?"

"ಸುಮ್ಮನಿರು. ಬಂದವರೆಲ್ಲ ನನ್ನ ಪಾಲಿಶಿನಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಾರೆ, ಅಷ್ಟೆ," ಎಂದಿತು ಕಾರು.

ಗಿರಾಕಿ ಮುದ್ದಪ್ಪ ಬಂದ. ಮೀಸೆ ನೋಡಿಕೊಂಡ, ಹಾರನ್ ಒತ್ತಿದ, ನಿಂತಲ್ಲೇ ವ್ಯಾಪಾರ ಮುಗಿಸಿದ. ಆಮೇಲೆ ಪೂಜೆಗೆಂದು ಚೀಲದಿಂದ ತೆಂಗಿನಕಾಯಿಗಳನ್ನು ತೆಗೆದು, ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಇವು ಒಳಗೇ ಕೊಳೆತಿವೆ," ಎಂದು ಎರಡನ್ನು ಎಸೆದ.

ಗೆದ್ದಲು ಮರದ ಇನ್ನೂ ಒಳಕ್ಕೆ ಸರಿಯಿತು. "ಕೆಟ್ಟೆವು! ಇವನಿಗೆ ಒಳಗಿನದೆಲ್ಲ ಗೊತ್ತಾಗುತ್ತದೆ!"

"ಕಾಯಿಯ ಒಳಗಿನದು," ಎಂದಿತು ಕಾರು.

ಮೂರನೆಯ ಕಾಯಿ ಬೆಳ್ಳಗೆ ಒಡೆಯಿತು. ಮುದ್ದಪ್ಪ ಹೆಮ್ಮೆಯಿಂದ ಹತ್ತಿ ಕೂತು ಬಾಗಿಲು ಎಳೆದುಕೊಂಡ. ಬಾಗಿಲು ಕಿತ್ತು ಕೈಗೇ ಬಂತು. ಮರದ ಪುಡಿಯೂ ಗೆದ್ದಲ ಸಂಸಾರವೂ ಅವನ ಬಿಳಿ ಪಂಚೆಯ ಮೇಲೆ ಸುರಿದವು.

"ಯಾರ ಕಣ್ಣು ಬಿತ್ತೋ!" ಎಂದ ಮುದ್ದಪ್ಪ, ದೃಷ್ಟಿ ತೆಗೆಯಲು ಚೀಲದಿಂದ ಇನ್ನೊಂದು ಕಾಯಿ ಎತ್ತಿಕೊಂಡು, ಬಲು ಜಾಗ್ರತೆಯಿಂದ ತಟ್ಟಿ ನೋಡತೊಡಗಿದ.